ಹಗುರ ಬೈಕು: ದುಡಿಮೆಗೂ ಸೈ, ತಿರುಗಾಟಕ್ಕೂ ಸೈ

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬೆಳಗಿನ ಹೊತ್ತು ಕೆಂಪು ದೀಪ ಬಿದ್ದಾಗ, ಬಸ್ಸು ಕಾರುಗಳ ಸಂದಿನಿಂದ ಬೈಕುಗಳು ಒಂದೊಂದಾಗಿ ಮುಂದೆ ಸರಿದು ಬಿಳಿ ಗೆರೆಯ ಬಳಿ ಗುಂಪುಗೂಡುತ್ತವೆ. ಸವಾರರ ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಹ್ಯಾಂಡಲಿಗೆ ಊಟದ ಡಬ್ಬಿ, ಹಿಂದಿನ ಸೀಟಿನಲ್ಲಿ ಕಾಲೇಜಿಗೆ ಹೊರಟವರು. ಇದೇ ಬೈಕುಗಳಲ್ಲಿ ಹಲವು ಭಾನುವಾರ ನಸುಕಿನಲ್ಲೇ ನಂದಿಬೆಟ್ಟದ ತಿರುವುಗಳನ್ನು ಹತ್ತುತ್ತಿರುತ್ತವೆ. ವಾರವಿಡೀ ದುಡಿದ ಗಾಡಿಯೇ ರಜೆಯ ದಿನ ತಿರುಗಾಟಕ್ಕೂ ಒದಗುತ್ತದೆ.

ಈ ಎರಡು ಕೆಲಸಗಳಿಗೆ ಬೇಕಾದ ಗುಣ ಒಂದೇ. ಅದು ಕಡಿಮೆ ತೂಕ. ಶೋರೂಮಿಗೆ ಹೋದವರು ಸಿಸಿ ಎಷ್ಟು, ಮೈಲೇಜ್ ಎಷ್ಟು, ಬೆಲೆ ಎಷ್ಟು ಎಂದು ಕೇಳುತ್ತಾರೆ. ತೂಕ ಕೇಳುವವರು ವಿರಳ. ಆದರೆ ಪಿಕಪ್, ಮೈಲೇಜ್, ತಿರುವಿನಲ್ಲಿ ಗಾಡಿ ಬಾಗುವ ಚುರುಕು, ಟೈರಿನ ಸವಕಳಿ, ಕಡೆಗೆ ಮನೆಯ ಗೇಟಿನೊಳಗೆ ಅದನ್ನು ತಿರುಗಿಸಿ ನಿಲ್ಲಿಸುವ ಶ್ರಮದವರೆಗೆ ಎಲ್ಲದರ ಮೇಲೂ ತೂಕದ ಪ್ರಭಾವವಿದೆ.

ಯಾವ ಬಗೆಯ ಬೈಕು?

ಎಂಜಿನ್ ಮತ್ತು ಚೌಕಟ್ಟನ್ನು ಮುಚ್ಚುವ ಪ್ಲಾಸ್ಟಿಕ್ ಹೊದಿಕೆ ಇಲ್ಲದ ಬೈಕಿಗೆ ನೇಕೆಡ್ ಬೈಕು ಎನ್ನುತ್ತಾರೆ. ದುಂಡನೆಯ ಇಲ್ಲವೇ ಚೂಪು ಮೂತಿಯ ಹೆಡ್‌ಲೈಟ್, ನೇರವಾದ ಹ್ಯಾಂಡಲ್, ಎದ್ದು ಕಾಣುವ ಟ್ಯಾಂಕ್, ಅದರ ಕೆಳಗೆ ಬರಿಗಣ್ಣಿಗೆ ಕಾಣುವ ಎಂಜಿನ್. ಹೀರೊ ಸ್ಪ್ಲೆಂಡರ್, ಬಜಾಜ್ ಪಲ್ಸರ್ 150, ಟಿವಿಎಸ್ ಅಪಾಚೆ ಆರ್‌ಟಿಆರ್ 160, ಯಮಹಾ ಎಫ್‌ಝಡ್, ಕೆಟಿಎಂ ಡ್ಯೂಕ್, ಎಲ್ಲವೂ ಇದೇ ಕುಟುಂಬಕ್ಕೆ ಸೇರಿದವು.

ಒಂದು ಕಾಲಕ್ಕೆ ಬೈಕುಗಳೆಲ್ಲ ಹೀಗೆಯೇ ಇದ್ದವು. 1980ರ ದಶಕದಲ್ಲಿ ರೇಸಿಂಗ್ ಬೈಕಿನಂತೆ ಮೈತುಂಬ ಹೊದಿಕೆ ಹಾಕಿದ ಮಾದರಿಗಳು ಜಗತ್ತಿನ ಮಾರುಕಟ್ಟೆಗೆ ಬಂದ ಮೇಲೆ ಹೊದಿಕೆ ಇಲ್ಲದವು ಬೇರೆಯೇ ವರ್ಗವಾದವು. ಇಟಲಿಯ ಡುಕಾಟಿ ಕಂಪನಿಯ ಮಾನ್‌ಸ್ಟರ್ 1993ರಲ್ಲಿ ಈ ವರ್ಗಕ್ಕೆ ಹೊಸ ಮೆರುಗು ಕೊಟ್ಟಿತು. ಆದರೆ ಭಾರತದ ರಸ್ತೆಗಳಲ್ಲಿ ಹೊದಿಕೆ ಇಲ್ಲದ ಬೈಕೇ ಮೊದಲಿನಿಂದ ಇಂದಿನವರೆಗೂ ಸಾಮಾನ್ಯ ಬೈಕು.

ಹಗುರ ಎಂದರೆ ಎಷ್ಟು ಎಂಬುದಕ್ಕೆ ಕಟ್ಟುನಿಟ್ಟಾದ ಗಡಿ ಇಲ್ಲ. ಸ್ಪ್ಲೆಂಡರ್ ಸುಮಾರು 112 ಕೆ.ಜಿ. ತೂಗುತ್ತದೆ, 125 ಸಿಸಿಯ ಟಿವಿಎಸ್ ರೈಡರ್ ಸುಮಾರು 123 ಕೆ.ಜಿ., 155 ಸಿಸಿಯ ಯಮಹಾ ಎಂಟಿ-15 ಸುಮಾರು 141 ಕೆ.ಜಿ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಸುಮಾರು 195 ಕೆ.ಜಿ. ತೂಗುತ್ತದೆ. ಒಟ್ಟಾರೆ 150 ಕೆ.ಜಿ.ಯ ಒಳಗಿನ ಬೈಕನ್ನು ಹಗುರ ಎನ್ನಲು ಅಡ್ಡಿಯಿಲ್ಲ.

ನೂರು ಸಿಸಿ ತಂದ ಬದಲಾವಣೆ

ಕರ್ನಾಟಕಕ್ಕೆ ಬೈಕಿನ ನಂಟು ಹಳೆಯದು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿತು. ಮೊದಲು ಜಾವಾ, 1970ರ ದಶಕದಿಂದ ಯೆಜ್ಡಿ ಹೆಸರಿನ 250 ಸಿಸಿ ಬೈಕುಗಳು ಅಲ್ಲಿಂದ ದೇಶದೆಲ್ಲೆಡೆ ಹೋದವು. ಅವು ಗಟ್ಟಿಮುಟ್ಟು, ರಿಪೇರಿಗೆ ಸುಲಭ. ಆದರೆ ದಿನವೂ ಕಚೇರಿಗೆ ಹೋಗುವ ಸಂಬಳದಾರರಿಗೆ ಅವುಗಳ ಪೆಟ್ರೋಲ್ ಖರ್ಚು ಭಾರವೇ ಆಗಿತ್ತು.

1980ರ ದಶಕದ ನಡುವಿನಲ್ಲಿ ಜಪಾನಿನ ಕಂಪನಿಗಳು ಭಾರತದ ಪಾಲುದಾರರೊಂದಿಗೆ 100 ಸಿಸಿ ಬೈಕುಗಳನ್ನು ತಂದಾಗ ಚಿತ್ರ ಬದಲಾಯಿತು. ಬೆಂಗಳೂರಿಗೆ ಹತ್ತಿರದ ಹೊಸೂರಿನಲ್ಲಿ ಟಿವಿಎಸ್ ಮತ್ತು ಸುಜುಕಿ ಸೇರಿ 1984ರಲ್ಲಿ ಎಎಕ್ಸ್ 100 ತಯಾರಿಸಿದವು. 1985ರಲ್ಲಿ ಹೀರೊ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100 ಬಂದವು. ಅನಂತರ ಬಜಾಜ್–ಕವಾಸಾಕಿ ಜೋಡಿಯ ಕೆಬಿ 100 ಬಂತು.

ಇವುಗಳಲ್ಲಿ ಎರಡು ಬೈಕುಗಳು ಎರಡು ದಾರಿ ಹಾಕಿಕೊಟ್ಟವು. ಸಿಡಿ 100ರ ಫೋರ್ ಸ್ಟ್ರೋಕ್ ಎಂಜಿನ್ ಅಲ್ಪ ಪೆಟ್ರೋಲಿನಲ್ಲಿ ಬಹುದೂರ ಓಡಿತು. ಮಧ್ಯಮ ವರ್ಗದ ಮನೆಗಳಿಗೆ ಬೈಕು ಬಂದದ್ದು ಈ ದಾರಿಯಲ್ಲಿ. ಆರ್‌ಎಕ್ಸ್ 100 ಟೂ ಸ್ಟ್ರೋಕ್. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಒಮ್ಮೆ ಇಂಧನ ಉರಿದು ಶಕ್ತಿ ಹುಟ್ಟುತ್ತದೆ. ಟೂ ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ ಶಕ್ತಿ ಹುಟ್ಟುತ್ತದೆ. ಹೀಗಾಗಿ 98 ಸಿಸಿಯ ಪುಟ್ಟ ಎಂಜಿನ್ 11 ಅಶ್ವಶಕ್ತಿ ಕೊಡುತ್ತಿತ್ತು. ಬೈಕಿನ ತೂಕವಾದರೋ ನೂರು ಕೆ.ಜಿ.ಯ ಆಸುಪಾಸು. ಆ ಚುರುಕಿಗೆ ಒಂದು ತಲೆಮಾರು ಮರುಳಾಯಿತು. 1996ರಲ್ಲಿ ತಯಾರಿಕೆ ನಿಂತರೂ ಒಳ್ಳೆಯ ಸ್ಥಿತಿಯಲ್ಲಿರುವ ಆರ್‌ಎಕ್ಸ್ 100ಕ್ಕೆ ಇಂದಿಗೂ ಬೇಡಿಕೆ ಇದೆ.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನ ಜತೆಗೆ ಆಯಿಲ್ ಕೂಡ ಉರಿಯುತ್ತದೆ. ಉರಿಯದ ಇಂಧನದ ಒಂದಷ್ಟು ಪಾಲು ಸೈಲೆನ್ಸರಿನ ಮೂಲಕ ಹೊರಗೆ ಹೋಗುತ್ತದೆ. ಹೊಗೆಯ ನಿಯಮಗಳು ಬಿಗಿಯಾದಂತೆ ಈ ಬೈಕುಗಳು ಮಾರುಕಟ್ಟೆಯಿಂದ ಸರಿದವು. ಅವುಗಳ ಚುರುಕನ್ನು ಫೋರ್ ಸ್ಟ್ರೋಕಿನಲ್ಲಿ ತರುವ ಕೆಲಸ 1999ರ ಹೀರೊ ಹೋಂಡಾ ಸಿಬಿಝಡ್, 2001ರ ಬಜಾಜ್ ಪಲ್ಸರ್‌ಗಳಿಂದ ಶುರುವಾಯಿತು. ಅಪಾಚೆ, 2008ರ ಯಮಹಾ ಎಫ್‌ಝಡ್16, 2012ರಲ್ಲಿ ಬಂದ ಕೆಟಿಎಂ 200 ಡ್ಯೂಕ್ ಅದನ್ನು ಮುಂದುವರಿಸಿದವು. ಕಚೇರಿಗೂ ಖುಷಿಗೂ ಒಂದೇ ಬೈಕು ಎಂಬ ಇಂದಿನ ಕಲ್ಪನೆ ಈ ಸಾಲಿನಲ್ಲಿ ಬೆಳೆದದ್ದು.

ಹಗುರವಾಗುವುದು ಹೇಗೆ?

ಬೈಕಿನ ತೂಕ ಇಳಿಯುವುದು ಮುಖ್ಯವಾಗಿ ಬಿಡಿಭಾಗಗಳು ಕಡಿಮೆಯಾಗುವುದರಿಂದ. ಒಂದೇ ಸಿಲಿಂಡರಿನ ಎಂಜಿನ್ ಎಂದರೆ ಒಂದು ಪಿಸ್ಟನ್, ಒಂದು ಕನೆಕ್ಟಿಂಗ್ ರಾಡ್, ಸಾಮಾನ್ಯವಾಗಿ ಒಂದೇ ಸ್ಪಾರ್ಕ್ ಪ್ಲಗ್. ಗಾಳಿಯಿಂದಲೇ ತಣಿಯುವ ಎಂಜಿನ್ನಿಗೆ ರೇಡಿಯೇಟರ್, ನೀರಿನ ಪಂಪು, ಹೋಸುಗಳು ಬೇಕಿಲ್ಲ. ಸಿಲಿಂಡರಿನ ಸುತ್ತ ಕಾಣುವ ಲೋಹದ ಪಟ್ಟಿಗಳೇ ಬಿಸಿಯನ್ನು ಗಾಳಿಗೆ ಬಿಟ್ಟುಕೊಡುತ್ತವೆ. ಹೊದಿಕೆ ಇಲ್ಲದ ಕಾರಣ ಅದನ್ನು ಹಿಡಿದಿಡುವ ಕಂಬಿ, ಬ್ರಾಕೆಟ್ಟುಗಳೂ ಇಲ್ಲ.

ಒಂದು ಕಡೆ ಉಳಿದ ತೂಕ ಇನ್ನೊಂದು ಕಡೆಯೂ ತೂಕ ಇಳಿಸುತ್ತದೆ. ಎಂಜಿನ್ ಹಗುರವಾದರೆ ಅದನ್ನು ಹೊರುವ ಚೌಕಟ್ಟು ಸಣ್ಣದಾಗಬಹುದು. ಚೌಕಟ್ಟು ಹಗುರವಾದರೆ ಫೋರ್ಕು, ಶಾಕ್ ಅಬ್ಸಾರ್ಬರ್, ಚಕ್ರಗಳನ್ನೂ ಹಗುರಗೊಳಿಸಬಹುದು. ಪೆಟ್ರೋಲ್ ಕಡಿಮೆ ಸಾಕಾಗುವುದರಿಂದ 10ರಿಂದ 12 ಲೀಟರಿನ ಟ್ಯಾಂಕ್ ಧಾರಾಳವಾಗುತ್ತದೆ. ಭಾರ ಹೆಚ್ಚಾಗುತ್ತ ಹೋದಾಗ ಇದೇ ಸರಪಳಿ ತಿರುಗುಮುರುಗಾಗಿ ಕೆಲಸ ಮಾಡುತ್ತದೆ.

ಅಶ್ವಶಕ್ತಿಯನ್ನು ತೂಕದ ಜತೆ ಇಟ್ಟು ನೋಡಿದರೆ ಹಗುರವಾಗಿರುವುದರ ಲಾಭ ತಿಳಿಯುತ್ತದೆ. ಕ್ಲಾಸಿಕ್ 350ಕ್ಕೆ ಸುಮಾರು 20 ಅಶ್ವಶಕ್ತಿ. ಎಂದರೆ ಬೈಕಿನ ಪ್ರತಿ ನೂರು ಕೆ.ಜಿ.ಗೆ ಹತ್ತು ಅಶ್ವಶಕ್ತಿ. ಎಂಟಿ-15ಕ್ಕೆ ಸುಮಾರು 18 ಅಶ್ವಶಕ್ತಿ, ಎಂದರೆ ನೂರು ಕೆ.ಜಿ.ಗೆ ಹದಿಮೂರರಷ್ಟು. ಎಂಜಿನ್ ಗಾತ್ರ ಅರ್ಧಕ್ಕಿಂತ ಕಡಿಮೆ ಇದ್ದರೂ ಹಗುರ ಬೈಕು ಪಿಕಪ್‌ನಲ್ಲಿ ಹಿಂದೆ ಬೀಳದಿರಲು ಇದೇ ಕಾರಣ. ದೊಡ್ಡ ಎಂಜಿನ್ನಿನ ಗುಣ ಬೇರೆ. ಅದು ಕಡಿಮೆ ವೇಗದಲ್ಲೇ ಹೆಚ್ಚು ಎಳೆತ ಕೊಡುತ್ತದೆ, ಮತ್ತೆ ಮತ್ತೆ ಗೇರ್ ಬದಲಿಸುವ ಅಗತ್ಯ ಕಡಿಮೆ. ಸಣ್ಣ ಎಂಜಿನ್ನಿನಿಂದ ಶಕ್ತಿ ಪಡೆಯಲು ಅದನ್ನು ಹೆಚ್ಚು ತಿರುಗಿಸಬೇಕು, ಗೇರುಗಳನ್ನು ಜಾಣತನದಿಂದ ಬಳಸಬೇಕು.

ತಿರುವಿನ ವಿಜ್ಞಾನ

ಬೈಕು ತಿರುಗುವುದು ಬಾಗುವುದರಿಂದ. ಒಂದೇ ತಿರುವನ್ನು ಒಂದೇ ವೇಗದಲ್ಲಿ ದಾಟುವ ಎರಡು ಬೈಕುಗಳು ಬಹುತೇಕ ಒಂದೇ ಕೋನದಲ್ಲಿ ಬಾಗಬೇಕು. ಅಲ್ಲಿ ತೂಕದ ಪಾತ್ರ ಇಲ್ಲ. ಆದರೆ ನೆಟ್ಟಗಿನ ಸ್ಥಿತಿಯಿಂದ ಆ ಕೋನಕ್ಕೆ ಎಷ್ಟು ಬೇಗ ಬರುತ್ತದೆ, ಅಲ್ಲಿಂದ ಇನ್ನೊಂದು ಬದಿಗೆ ಎಷ್ಟು ಸಲೀಸಾಗಿ ಹೊರಳುತ್ತದೆ ಎಂಬುದರಲ್ಲಿ ತೂಕದ್ದೇ ದೊಡ್ಡ ಪಾತ್ರ. ಗುಂಡಿ ಕಂಡು ಹಠಾತ್ತನೆ ಪಕ್ಕಕ್ಕೆ ಸರಿಯುವಾಗ, ಎಡ–ಬಲ ತಿರುವುಗಳು ಒಂದರ ಹಿಂದೊಂದು ಬಂದಾಗ ಹಗುರ ಬೈಕು ಸವಾರನ ಇಚ್ಛೆಗೆ ಬೇಗ ಸ್ಪಂದಿಸುತ್ತದೆ.

ನಡೆಯುವ ವೇಗ ಮೀರಿದ ಮೇಲೆ ಬೈಕನ್ನು ಬಾಗಿಸುವುದು ಹ್ಯಾಂಡಲಿನ ಮೇಲಿನ ಸಣ್ಣ ಒತ್ತಡ. ಬಲಕ್ಕೆ ಹೋಗಬೇಕಾದರೆ ಬಲಗೈಯ ಹಿಡಿಯನ್ನು ತುಸು ಮುಂದಕ್ಕೆ ಒತ್ತಬೇಕು. ಮುಂಚಕ್ರ ಕ್ಷಣಕಾಲ ಎಡಕ್ಕೆ ಸರಿಯುತ್ತದೆ, ಬೈಕು ಬಲಕ್ಕೆ ಬಾಗುತ್ತದೆ, ತಿರುವು ಅಲ್ಲಿಂದ ಆರಂಭವಾಗುತ್ತದೆ. ಹೆಚ್ಚಿನ ಸವಾರರು ಅರಿವಿಲ್ಲದೆಯೇ ಇದನ್ನು ಮಾಡುತ್ತಾರೆ. ಅರಿತು ಮಾಡಿದವರಿಗೆ ಅಪಾಯದ ಗಳಿಗೆಯಲ್ಲಿ ಗಾಡಿಯನ್ನು ತಪ್ಪಿಸುವುದು ಸುಲಭ. ಹಗುರ ಬೈಕಿನಲ್ಲಿ ಇದಕ್ಕೆ ಬೇಕಾದ ಬಲ ಕಡಿಮೆ, ನೇರವಾದ ಅಗಲ ಹ್ಯಾಂಡಲ್ ಇದ್ದರೆ ಇನ್ನೂ ಕಡಿಮೆ. ಆದ್ದರಿಂದಲೇ ಬೈಕು ಓಡಿಸುವ ಕಲೆ ಕಲಿಯಲು ಇದಕ್ಕಿಂತ ಒಳ್ಳೆಯ ಗುರು ಸಿಗುವುದು ಕಷ್ಟ.

ಊರೊಳಗಿನ ಓಡಾಟ

ನಗರದ ಸವಾರಿಯಲ್ಲಿ ಗರಿಷ್ಠ ವೇಗಕ್ಕೆ ಅರ್ಥವಿಲ್ಲ. ನಿಲ್ಲುವುದು, ಹೊರಡುವುದು, ತೆವಳುವುದು, ಸಂದು ನೋಡಿ ನುಗ್ಗುವುದು ಇಲ್ಲಿನ ದಿನಚರಿ. ನೆಟ್ಟಗೆ ಕೂರುವ ಭಂಗಿಯಿಂದ ಕಾರುಗಳ ಮೇಲಿನಿಂದ ರಸ್ತೆ ಕಾಣುತ್ತದೆ. ಹ್ಯಾಂಡಲನ್ನು ಎರಡೂ ಬದಿಗೆ ಹೆಚ್ಚು ತಿರುಗಿಸಬಹುದಾದ್ದರಿಂದ ಇಕ್ಕಟ್ಟಿನಲ್ಲಿ ಯೂ ಟರ್ನ್ ಸುಲಭ. ಕ್ಲಚ್ ಮೆದುವಾಗಿರುವುದರಿಂದ ಟ್ರಾಫಿಕ್ಕಿನಲ್ಲಿ ಎಡಗೈ ಬೇಗ ಸೋಲುವುದಿಲ್ಲ. ದೊಡ್ಡ ಎಂಜಿನ್ನಿನ ಬಿಸಿ ಕಾಲಿಗೆ ಹೊಡೆಯುವ ತೊಂದರೆಯೂ ಕಡಿಮೆ.

ಪೆಟ್ರೋಲಿನ ಲೆಕ್ಕ ಸರಳ. ದಿನಕ್ಕೆ 30 ಕಿ.ಮೀ.ಯಂತೆ ತಿಂಗಳಿಗೆ 25 ದಿನ ಓಡಾಡುವವರು 750 ಕಿ.ಮೀ. ಕ್ರಮಿಸುತ್ತಾರೆ. ಲೀಟರಿಗೆ 50 ಕಿ.ಮೀ. ಕೊಡುವ ಬೈಕಿಗೆ 15 ಲೀಟರ್ ಸಾಕು. 30 ಕಿ.ಮೀ. ಕೊಡುವ ದೊಡ್ಡ ಬೈಕಿಗೆ 25 ಲೀಟರ್ ಬೇಕು. ವರ್ಷಕ್ಕೆ ವ್ಯತ್ಯಾಸ 120 ಲೀಟರ್. ಸಣ್ಣ ಟೈರು, ಸಣ್ಣ ಚೈನ್ ಸೆಟ್, ಸಣ್ಣ ಬ್ರೇಕ್ ಪ್ಯಾಡುಗಳ ಬೆಲೆಯೂ ಕಡಿಮೆ ಇರುವುದರಿಂದ ಉಳಿತಾಯ ಪೆಟ್ರೋಲಿಗಷ್ಟೇ ನಿಲ್ಲುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದದ್ದು ಕೊಳ್ಳುವಾಗಿನ ಹೊರೆಯನ್ನೂ ತಗ್ಗಿಸಿತು.

ಘಟ್ಟದ ರಸ್ತೆಯ ಸೊಗಸು

ಸೋಮೇಶ್ವರದಿಂದ ಆಗುಂಬೆಗೆ ಏರುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಕೊಟ್ಟಿಗೆಹಾರದಿಂದ ಉಜಿರೆ ಕಡೆಗೆ ಇಳಿಯುವ ಚಾರ್ಮಾಡಿ, ಮುಳ್ಳಯ್ಯನಗಿರಿಗೆ ಹತ್ತುವ ಕಿರಿದಾದ ದಾರಿ, ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ಏರಿಳಿತದ ರಸ್ತೆ, ಇವೆಲ್ಲ ವೇಗಕ್ಕಿಂತ ಹಿಡಿತ ಬೇಡುವ ಹಾದಿಗಳು. ಇಲ್ಲಿ 40 ಅಶ್ವಶಕ್ತಿಯ ಬೈಕಿನ ಅರ್ಧ ಶಕ್ತಿಯೂ ಬಳಕೆಗೆ ಬರುವುದಿಲ್ಲ. 12ರಿಂದ 18 ಅಶ್ವಶಕ್ತಿಯ ಬೈಕಿನಲ್ಲಿ ಎರಡನೇ, ಮೂರನೇ ಗೇರುಗಳ ಪೂರ್ತಿ ಸಾಮರ್ಥ್ಯ ಕಾನೂನಿನ ವೇಗಮಿತಿಯೊಳಗೇ ಕೈಗೆ ಸಿಗುತ್ತದೆ. ತಿರುವಿಗೆ ಮುನ್ನ ಗೇರ್ ಇಳಿಸುವುದು, ದಾರಿ ಆರಿಸುವುದು, ಹೊರಬರುವಾಗ ಹದವಾಗಿ ಆಕ್ಸಿಲರೇಟರ್ ಕೊಡುವುದು ಸವಾರನಿಗೆ ಕೆಲಸವೂ ಹೌದು, ಸಂತೋಷವೂ ಹೌದು.

ಮುಖ್ಯರಸ್ತೆ ಬಿಟ್ಟು ಹಳ್ಳಿಯ ದಾರಿ ಹಿಡಿದಾಗ ಇನ್ನೊಂದು ಅನುಕೂಲ ಒದಗುತ್ತದೆ. ಮಣ್ಣು, ಜಲ್ಲಿ, ಕೆಸರಿನಲ್ಲಿ ಗಾಡಿ ವಾಲಿದರೆ ಕಾಲೂರಿ ತಡೆಯಬಹುದು. ಬಿದ್ದರೆ ಒಬ್ಬರೇ ಎತ್ತಿ ನಿಲ್ಲಿಸಬಹುದು. ದಾರಿ ತಪ್ಪಿದರೆ ಅಲ್ಲೇ ಹಿಂದಕ್ಕೆ ತಳ್ಳಿ ತಿರುಗಿಸಬಹುದು. ಒಂಟಿಯಾಗಿ ಹೊರಡುವವರಿಗೆ ಈ ಧೈರ್ಯ ಸಣ್ಣದಲ್ಲ.

ಎಲ್ಲಿ ಸಾಲದು?

ಹೊದಿಕೆ ಇಲ್ಲದ ಬೈಕಿನ ಮಿತಿ ಹೆದ್ದಾರಿಯಲ್ಲಿ ಕಾಣುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 60ರಿಂದ 90 ಕಿ.ಮೀ.ಗೆ ಹೋದರೆ ವೇಗ ಒಂದೂವರೆ ಪಟ್ಟು ಹೆಚ್ಚುತ್ತದೆ, ಗಾಳಿಗಾಗಿ ವ್ಯಯವಾಗುವ ಶಕ್ತಿ ಮೂರು ಪಟ್ಟಿಗೂ ಮೀರುತ್ತದೆ. ಎದೆಗೆ ಬಡಿಯುವ ಗಾಳಿಯಿಂದ ಕುತ್ತಿಗೆ, ಭುಜ ನೋಯುತ್ತವೆ. ಮೈಲೇಜ್ ಕುಸಿಯುತ್ತದೆ. 125 ಸಿಸಿಯ ಬೈಕಿನಲ್ಲಿ ಲಾರಿ ಹಿಂದಿಕ್ಕಲು ಬೇಕಾದ ಮೀಸಲು ಶಕ್ತಿ ಆ ವೇಗದಲ್ಲಿ ಅಷ್ಟಾಗಿ ಉಳಿದಿರುವುದಿಲ್ಲ.

ಗಾಳಿಯಂತ್ರಗಳು ಸಾಲಾಗಿ ನಿಂತ ಚಿತ್ರದುರ್ಗದ ಬಯಲಿನಂಥ ಕಡೆ ಅಡ್ಡಗಾಳಿ ಹಗುರ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ದೊಡ್ಡ ಲಾರಿಗಳನ್ನು ದಾಟುವಾಗಲೂ ಇದರ ಅನುಭವವಾಗುತ್ತದೆ. ಆಗ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯಬಾರದು. ಮೊಣಕಾಲಿನಿಂದ ಟ್ಯಾಂಕನ್ನು ಒತ್ತಿ, ಕೈ ಸಡಿಲಿಸಿ, ವೇಗ ತಗ್ಗಿಸುವುದು ಸರಿಯಾದ ಕ್ರಮ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಸವಾರರು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಸಹಸವಾರರಿದ್ದಾಗಲೂ ಎಚ್ಚರ ಬೇಕು. 120 ಕೆ.ಜಿ.ಯ ಬೈಕಿಗೆ 60 ಕೆ.ಜಿ.ಯ ವ್ಯಕ್ತಿ ಎಂದರೆ ಬೈಕಿನ ತೂಕದ ಅರ್ಧದಷ್ಟು ಹೊಸ ಹೊರೆ. ಹಿಂದಿನ ಟೈರಿಗೆ ಕೈಪಿಡಿ ಹೇಳುವಷ್ಟು ಹೆಚ್ಚುವರಿ ಗಾಳಿ ತುಂಬಬೇಕು, ಮುಂದಿನ ವಾಹನದಿಂದ ಅಂತರ ಹೆಚ್ಚಿಸಬೇಕು.

ಬ್ರೇಕು ಮತ್ತು ರಕ್ಷಣೆ

ಹಗುರ ಬೈಕು ತಾನಾಗಿಯೇ ಬೇಗ ನಿಲ್ಲುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ನಿಲ್ಲುವ ದೂರವನ್ನು ನಿರ್ಧರಿಸುವುದು ಮುಖ್ಯವಾಗಿ ವೇಗ ಮತ್ತು ರಸ್ತೆಯ ಮೇಲೆ ಟೈರಿನ ಹಿಡಿತ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲಿನ ದೂರ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವಾಗ, ಬ್ರೇಕಿಗೆ ಬೆರಳು ಹೋಗುವ ಒಂದು ಸೆಕೆಂಡಿನಲ್ಲೇ ಬೈಕು 16 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ.

ಬ್ರೇಕ್ ಹಾಕಿದಾಗ ಭಾರ ಮುಂಚಕ್ರದ ಕಡೆಗೆ ಸರಿಯುವುದರಿಂದ ನಿಲ್ಲಿಸುವ ಬಲ ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ. ಮುಂದಿನ ಬ್ರೇಕಿಗೆ ಹೆದರಿ ಹಿಂದಿನದನ್ನಷ್ಟೇ ತುಳಿಯುವ ರೂಢಿ ಅಪಾಯಕಾರಿ. ಎರಡನ್ನೂ ಒಟ್ಟಿಗೆ, ಮುಂದಿನದನ್ನು ಹಂತಹಂತವಾಗಿ ಬಿಗಿಮಾಡುತ್ತ ಹಾಕಬೇಕು. 2019ರ ಏಪ್ರಿಲಿನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್, 125 ಸಿಸಿವರೆಗಿನವುಗಳಿಗೆ ಎರಡೂ ಬ್ರೇಕುಗಳನ್ನು ಜೋಡಿಸುವ ಸಿಬಿಎಸ್ ಕಡ್ಡಾಯವಾಗಿದೆ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, ಮೊದಲ ಮಳೆಗೆ ರಸ್ತೆಯ ಎಣ್ಣೆ ಮೇಲೆದ್ದು ಜಾರುವಾಗ ಜೀವ ಉಳಿಸಬಲ್ಲದು.

ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರ ಸವಾರ, ಸಹಸವಾರ ಇಬ್ಬರಿಗೂ ಹೆಲ್ಮೆಟ್ ಕಡ್ಡಾಯ. ಕರ್ನಾಟಕದಲ್ಲಿ ಸಹಸವಾರರ ವಿಷಯದಲ್ಲಿ ಇದು 2016ರಿಂದ ಬಿಗಿಯಾಗಿ ಜಾರಿಗೆ ಬಂತು. ಐಎಸ್‌ಐ ಗುರುತಿನ, ಗದ್ದದ ಪಟ್ಟಿ ಬಿಗಿದ ಹೆಲ್ಮೆಟ್ ಮಾತ್ರ ನಿಜವಾದ ರಕ್ಷಣೆ. ಕೈಗವಸು, ಕಣಕಾಲು ಮುಚ್ಚುವ ಶೂ, ದಪ್ಪ ಬಟ್ಟೆಯ ಜಾಕೆಟ್ ಊರೊಳಗೂ ಬೇಕು. ಹಿಂದಿನ ಚಕ್ರದ ಬದಿಯ ಸೀರೆ ಗಾರ್ಡ್ ಕಾನೂನು ಬೇಡುವ ರಕ್ಷಣಾ ಸಾಧನ. ಅಂದಕ್ಕಾಗಿ ಅದನ್ನು ಬಿಚ್ಚಿಸಿದರೆ ಸೆರಗು, ದುಪಟ್ಟಾ ಚಕ್ರಕ್ಕೆ ಸಿಕ್ಕು ಜೀವಕ್ಕೇ ಎರವಾಗುತ್ತದೆ.

ಮನೆಯಲ್ಲೇ ಆರೈಕೆ

ಎಲ್ಲ ಭಾಗಗಳೂ ಕಣ್ಣಿಗೆ ಕಾಣುವ, ಕೈಗೆ ಎಟಕುವ ಬೈಕನ್ನು ನೋಡಿಕೊಳ್ಳುವುದು ಸುಲಭ. ವಾರಕ್ಕೊಮ್ಮೆ ಟೈರ್ ತಣ್ಣಗಿರುವಾಗ ಗಾಳಿ ಪರೀಕ್ಷಿಸಬೇಕು. ಈ ಬೈಕುಗಳಿಗೆ ಅದು ಸಾಮಾನ್ಯವಾಗಿ 25ರಿಂದ 33 ಪಿಎಸ್‌ಐ ನಡುವೆ ಇರುತ್ತದೆ. ಗಾಳಿ ಕಡಿಮೆಯಾದರೆ ಹ್ಯಾಂಡಲ್ ಭಾರವಾಗುತ್ತದೆ, ಹಗುರ ಬೈಕಿನ ಸುಖವೇ ಇಲ್ಲವಾಗುತ್ತದೆ.

ಹೊರಗೆ ತೆರೆದಿರುವ ಚೈನಿಗೆ ಸುಮಾರು 500 ಕಿ.ಮೀ.ಗೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ, ಶುಚಿಗೊಳಿಸಿ ಲ್ಯೂಬ್ ಹಾಕಬೇಕು. ಎಂಜಿನ್ ಆಫ್ ಮಾಡಿ, ನ್ಯೂಟ್ರಲಿನಲ್ಲಿಟ್ಟು, ಚಕ್ರವನ್ನು ಕೈಯಿಂದ ತಿರುಗಿಸುತ್ತ ಇದನ್ನು ಮಾಡಬೇಕು. ಎಂಜಿನ್ ಚಾಲೂ ಇಟ್ಟು ಚೈನ್ ಒರೆಸಲು ಹೋಗಿ ಬೆರಳು ಕಳೆದುಕೊಳ್ಳುವ ಅಪಾಯವಿದೆ. ಚೈನಿನ ಸಡಿಲ ಹೆಚ್ಚಿನ ಮಾದರಿಗಳಲ್ಲಿ 20ರಿಂದ 30 ಮಿ.ಮೀ. ಇರಬೇಕು. ತೀರಾ ಬಿಗಿಯಾದರೆ ಬೇರಿಂಗ್ ಸವೆಯುತ್ತದೆ, ತೀರಾ ಸಡಿಲವಾದರೆ ಗೇರ್ ಬದಲಿಸುವಾಗ ಜಗ್ಗುತ್ತದೆ.

ಎಂಜಿನ್ ಆಯಿಲಿನ ಮಟ್ಟ, ಬ್ರೇಕ್ ಪ್ಯಾಡಿನ ದಪ್ಪ, ಏರ್ ಫಿಲ್ಟರಿನ ಧೂಳು, ಕ್ಲಚ್ ಕೇಬಲಿನ ಸಡಿಲ, ಇವನ್ನೆಲ್ಲ ಕೈಪಿಡಿ ನೋಡಿ ಮಾಲೀಕರೇ ಪರಿಶೀಲಿಸಬಹುದು. 2020ರ ಏಪ್ರಿಲಿನಲ್ಲಿ ಬಿಎಸ್6 ನಿಯಮ ಜಾರಿಯಾದ ಬಳಿಕ ಕಾರ್ಬ್ಯುರೇಟರಿನ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಅದರ ದೋಷ ಪತ್ತೆಗೆ ಮಾತ್ರ ಸ್ಕ್ಯಾನರ್ ಇರುವ ಗ್ಯಾರೇಜೇ ಬೇಕು.

ಕೊಳ್ಳುವ ಮುನ್ನ

ಬೈಕು ಮೈಗೆ ಹೊಂದಬೇಕು. ಕೂತಾಗ ಎರಡೂ ಪಾದಗಳ ಮುಂಭಾಗವಾದರೂ ನೆಲಕ್ಕೆ ಗಟ್ಟಿಯಾಗಿ ಊರಬೇಕು. ಸೈಡ್ ಸ್ಟ್ಯಾಂಡಿನಿಂದ ಎತ್ತಿ, ಹಿಂದೆ ಮುಂದೆ ತಳ್ಳಿ ನೋಡಬೇಕು. ಸಹಸವಾರರನ್ನು ಕೂರಿಸಿಕೊಂಡೇ ಟೆಸ್ಟ್ ರೈಡ್ ಮಾಡುವುದು ಒಳ್ಳೆಯದು. ಚೂಪು ವಿನ್ಯಾಸದ ಹಲವು ಬೈಕುಗಳಲ್ಲಿ ಹಿಂದಿನ ಸೀಟು ಕಿರಿದು, ಎತ್ತರ.

ಬಳಕೆಗೆ ತಕ್ಕ ಎಂಜಿನ್ ಆರಿಸಬೇಕು. ಊರೊಳಗಷ್ಟೇ ಓಡಾಡುವವರಿಗೆ 100ರಿಂದ 125 ಸಿಸಿ ಸಾಕು. ಆಗಾಗ ಊರಾಚೆ ಹೋಗುವವರಿಗೆ, ಇಬ್ಬರು ಕೂತು ಘಟ್ಟ ಹತ್ತುವವರಿಗೆ 150ರಿಂದ 200 ಸಿಸಿ ನೆಮ್ಮದಿ ಕೊಡುತ್ತದೆ. ವಾರವಾರವೂ ಹೆದ್ದಾರಿಯಲ್ಲಿ ದೂರ ಹೋಗುವವರು ಹೆಚ್ಚು ತೂಕದ, ಗಾಳಿತಡೆ ಇರುವ ಬೈಕು ನೋಡುವುದು ಲೇಸು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಫೋರ್ಕಿನಿಂದ ಆಯಿಲ್ ಸೋರುತ್ತಿದೆಯೇ, ಚೈನ್ ಸ್ಪ್ರಾಕೆಟ್ ಹಲ್ಲುಗಳು ಚೂಪಾಗಿ ಸವೆದಿವೆಯೇ, ಚಕ್ರಗಳು ಒಂದೇ ಸಾಲಿನಲ್ಲಿವೆಯೇ, ಆರ್‌ಸಿಯಲ್ಲಿನ ಎಂಜಿನ್ ಮತ್ತು ಚಾಸಿ ನಂಬರುಗಳು ತಾಳೆಯಾಗುತ್ತವೆಯೇ, ವಿಮೆ ಚಾಲ್ತಿಯಲ್ಲಿದೆಯೇ ಎಂದು ನೋಡಲೇಬೇಕು.

ಬ್ಯಾಟರಿಯ ಕಾಲದಲ್ಲಿ

ವಿದ್ಯುತ್ ಬೈಕುಗಳ ಮುಂದಿರುವ ದೊಡ್ಡ ಸವಾಲೂ ತೂಕವೇ. ಒಂದು ಕೆ.ಜಿ. ಪೆಟ್ರೋಲಿನಲ್ಲಿ ಸುಮಾರು 12 ಕಿಲೋವ್ಯಾಟ್ ಅವರ್ ಶಕ್ತಿ ಅಡಗಿದೆ. ಒಂದು ಕೆ.ಜಿ. ಲಿಥಿಯಂ ಬ್ಯಾಟರಿಯಲ್ಲಿ ಅದರ ತೀರಾ ಸಣ್ಣ ಪಾಲಷ್ಟೇ ಹಿಡಿಸುತ್ತದೆ. ವಿದ್ಯುತ್ ಮೋಟಾರಿನ ದಕ್ಷತೆ ಹೆಚ್ಚಾದ್ದರಿಂದ ಅಂತರ ಒಂದಷ್ಟು ತಗ್ಗುತ್ತದೆ, ಪೂರ್ತಿ ಮುಚ್ಚುವುದಿಲ್ಲ. ಬೆಂಗಳೂರಿನ ಅಲ್ಟ್ರಾವಯೊಲೆಟ್ ಕಂಪನಿ 2022ರಲ್ಲಿ ಬಿಡುಗಡೆ ಮಾಡಿದ ಎಫ್77 ಪಿಕಪ್‌ನಲ್ಲಿ ಎತ್ತಿದ ಕೈ, ಆದರೆ ಅದರ ತೂಕ 200 ಕೆ.ಜಿ.ಯ ಆಸುಪಾಸಿನಲ್ಲಿದೆ. ಬ್ಯಾಟರಿಗಳು ಹಗುರವಾದಂತೆ ಈ ಲೆಕ್ಕ ಬದಲಾಗಲಿದೆ.

ಅಲ್ಲಿಯವರೆಗೆ, ದಿನಕ್ಕೆ ಹತ್ತಾರು ಕಿಲೋಮೀಟರ್ ಓಡಾಡಿ, ಬಿಡುವಿದ್ದಾಗ ಘಟ್ಟದ ಕಡೆ ಮುಖ ಮಾಡುವವರಿಗೆ ಒಂದು ಸಿಲಿಂಡರಿನ, ಹೊದಿಕೆ ಇಲ್ಲದ, 150 ಕೆ.ಜಿ.ಯೊಳಗಿನ ಬೈಕು ಅತ್ಯಂತ ಸಮತೋಲದ ಆಯ್ಕೆ. ಕೊಳ್ಳುವಾಗ ಸಿಸಿ, ಮೈಲೇಜಿನ ಜತೆಗೆ ತೂಕವನ್ನೂ ಕೇಳಿ, ತಳ್ಳಿ ನೋಡಿ ತೀರ್ಮಾನಿಸಿದವರಿಗೆ ಅದು ವರ್ಷಗಟ್ಟಲೆ ಕಡಿಮೆ ಖರ್ಚಿನಲ್ಲಿ ಒದಗಿಬರುತ್ತದೆ.